ತಾರಸಿ ಸೋಲಾರ್ ಸಬ್ಸಿಡಿ, ಸಾಲ, ಗೃಹಜ್ಯೋತಿ: ಮನೆಯ ಕರೆಂಟ್ ಬಿಲ್ ಇಳಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಕರ್ನಾಟಕದ ಮನೆಗಳ ಲೆಕ್ಕ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರಿನ ಚೆಸ್ಕಾಂ ಎಲ್ಲಕ್ಕೂ ಅನ್ವಯಿಸುತ್ತದೆ. ಕರೆಂಟ್ ದರ ಬಂದ ಕಡೆ 2025-26ರ ಗೃಹಬಳಕೆ ದರಪಟ್ಟಿಯನ್ನು ಹಿಡಿದಿದ್ದೇವೆ: ಯೂನಿಟ್‌ಗೆ 5.80 ರೂ., ಅದರ ಮೇಲೆ ಶೇ 9 ತೆರಿಗೆ, ಜೊತೆಗೆ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು 36 ಪೈಸೆ. ಎಲ್ಲ ಕೂಡಿದರೆ ಸುಮಾರು 6.70 ರೂ. ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂ. ನಿಗದಿತ ಶುಲ್ಕ ಬೇರೆ.

ಸರ್ಕಾರದಿಂದ ನಿಜವಾಗಿ ಏನೇನು ಸಿಗುತ್ತದೆ?

ದೊಡ್ಡ ಮೊತ್ತವೆಂದರೆ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ. 2024ರ ಫೆಬ್ರುವರಿಯಲ್ಲಿ ಶುರುವಾದ ಈ ಯೋಜನೆಗೆ 75,021 ಕೋಟಿ ರೂ. ಇಟ್ಟಿದ್ದಾರೆ, ಗುರಿ ಒಂದು ಕೋಟಿ ಮನೆ, ಅವಧಿ 2026-27ರ ಹಣಕಾಸು ವರ್ಷದ ಕೊನೆಯವರೆಗೆ. ಇದೇ ಯೋಜನೆಯಡಿ ಅಡಮಾನವಿಲ್ಲದ ಕಡಿಮೆ ಬಡ್ಡಿಯ ಸಾಲವೂ ಇದೆ.

ಇನ್ನೊಂದು ಲಾಭ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಯ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಸಾಮಗ್ರಿ ಮತ್ತು ಅಳವಡಿಕೆ ಸೇರಿದ ಗುತ್ತಿಗೆಯಲ್ಲಿ ಶೇ 70 ಭಾಗವನ್ನು ಸಾಮಗ್ರಿ ಎಂದೂ ಶೇ 30 ಭಾಗವನ್ನು ಸೇವೆ ಎಂದೂ ಲೆಕ್ಕ ಹಾಕುವುದರಿಂದ ಒಟ್ಟು ತೆರಿಗೆ ಶೇ 13.8 ಇದ್ದದ್ದು 8.9 ಆಗಿದೆ. ಕೊಟೇಶನ್‌ನಲ್ಲಿ ಇನ್ನೂ 13.8 ಕಾಣಿಸಿದರೆ ಹಳೆಯ ಹಾಳೆಯನ್ನೇ ನಿಮಗೆ ಕೊಟ್ಟಿದ್ದಾರೆ ಎಂದರ್ಥ.

ರಾಜ್ಯದ ಕಡೆಯಿಂದ ಗೃಹಜ್ಯೋತಿ ಇದೆ. ಸೋಲಾರ್ ವಾಟರ್ ಹೀಟರ್ ಇರುವ ಮನೆಗೆ ದರಪಟ್ಟಿಯಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂ. ರಿಯಾಯಿತಿ ಇದೆ. ಉತ್ತರ ಪ್ರದೇಶ, ದೆಹಲಿಯಂಥ ಕಡೆ ರಾಜ್ಯ ಸರ್ಕಾರವೂ ಸೋಲಾರ್‌ಗೆ ಮೇಲುಹಣ ಸೇರಿಸುತ್ತದೆ. ಅಲ್ಲಿನ ಜಾಹೀರಾತು ನೋಡಿ ‘ಒಂದು ಲಕ್ಷ ಸಬ್ಸಿಡಿ’ ಎಂದುಕೊಳ್ಳಬೇಡಿ. ಇಲ್ಲಿ ಕೇಂದ್ರದ ಹಣವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ಆದಾಯ ತೆರಿಗೆಯಲ್ಲಿ ಮನೆಯ ಸೋಲಾರ್‌ಗೆಂದು ಪ್ರತ್ಯೇಕ ವಿನಾಯಿತಿ ಇಲ್ಲ. ‘ಶೇ 40 ಡಿಪ್ರಿಸಿಯೇಷನ್ (ಸವಕಳಿ ಕಡಿತ) ಸಿಗುತ್ತೆ ಸಾರ್’ ಎನ್ನುವ ಮಾತು ವ್ಯಾಪಾರ ಸಂಸ್ಥೆಗಳಿಗೆ ಸೇರಿದ್ದು.

ಎಷ್ಟು ಕಿಲೋವ್ಯಾಟ್‌ಗೆ ಎಷ್ಟು ಸಬ್ಸಿಡಿ?

ಮೊದಲ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂ., ಮೂರನೆಯದಕ್ಕೆ 18,000 ರೂ. ಅಂದರೆ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3ಕ್ಕೆ 78,000. ಅಲ್ಲಿಗೆ ಮುಗಿಯಿತು. 5 ಹಾಕಿದರೂ 10 ಹಾಕಿದರೂ 78,000 ರೂಪಾಯಿಯೇ.

3 ಕಿಲೋವ್ಯಾಟ್ ಹಾಕಿಸಿದೆವು, ಆದರೆ ಬಂದದ್ದು 78,000ಕ್ಕಿಂತ ಕಡಿಮೆ. ಏಕೆ?

ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಕರೆಂಟ್ ಮಾಡುವ ಸಾಧನ) ಸಾಮರ್ಥ್ಯ ಮತ್ತು ಪ್ಯಾನೆಲ್‌ಗಳ ಒಟ್ಟು ಸಾಮರ್ಥ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಮಾತ್ರ ಸಬ್ಸಿಡಿ. 3 ಕಿಲೋವ್ಯಾಟ್ ಇನ್ವರ್ಟರಿಗೆ 540 ವ್ಯಾಟಿನ ಐದು ಪ್ಯಾನೆಲ್ ಕಟ್ಟಿದರೆ ಪ್ಯಾನೆಲ್ ಬದಿಯಲ್ಲಿ ಇರುವುದು 2.7 ಕಿಲೋವ್ಯಾಟ್. ಆಗ 60,000ಕ್ಕೆ 0.7 ಕಿಲೋವ್ಯಾಟಿನ 12,600 ಸೇರಿ 72,600 ರೂ. ಬರುತ್ತದೆ. ಆರನೇ ಪ್ಯಾನೆಲ್ ಹಾಕಿದ್ದರೆ 3.24 ಆಗಿ ಪೂರ್ತಿ ಹಣ ಬರುತ್ತಿತ್ತು. ಬಿಸಿಲಿನ ಬಿಸಿ, ದೂಳು, ತಂತಿಯ ನಷ್ಟ ಇವೆಲ್ಲ ಸೇರಿ ಪ್ಯಾನೆಲ್ ತನ್ನ ಹಣೆಯ ಮೇಲೆ ಬರೆದಷ್ಟು ವ್ಯಾಟ್ ಕೊಡುವುದು ಅಪರೂಪ. ಹಾಗಾಗಿ ಪ್ಯಾನೆಲ್ ಬದಿ ಇನ್ವರ್ಟರಿಗಿಂತ ತುಸು ಹೆಚ್ಚೇ ಇರುವುದು ಉತ್ಪಾದನೆಗೂ ಒಳ್ಳೆಯದು.

ನಮಗೆ ಗೃಹಜ್ಯೋತಿ ಇದೆ, ಬಿಲ್ ಸೊನ್ನೆ. ಸೋಲಾರ್ ಹಾಕಿಸಬೇಕೇ?

ಬೇಡ. ಇದನ್ನು ಮಾರಾಟಗಾರರು ಹೇಳುವುದಿಲ್ಲ, ಅದಕ್ಕೇ ನೇರವಾಗಿ ಹೇಳುತ್ತಿದ್ದೇವೆ. ಸೋಲಾರಿನ ಲಾಭ ಬರುವುದು ನೀವು ಈಗ ಕಟ್ಟುತ್ತಿರುವ ಹಣ ಉಳಿಯುವುದರಿಂದ. ಕಟ್ಟುತ್ತಲೇ ಇಲ್ಲವಾದರೆ ಉಳಿಯುವುದೇನು? ಹೆಚ್ಚುವರಿ ಯೂನಿಟ್ ಮಾರಿ ಬರುವ ಹಣದಲ್ಲಿ ಹಾಕಿದ ಬಂಡವಾಳ ವಾಪಸಾಗಲು ಬಹಳ ವರ್ಷ ಬೇಕು.

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವವರು, ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆಗೆ ಹೋಗುವವರು, ಎಸಿ ಹಾಕಿಸುವವರು ಮುಂದಿನ ವರ್ಷದ ಬಳಕೆಯನ್ನು ಅಂದಾಜಿಸಿ ಈ ಪ್ರಶ್ನೆಗೆ ಮತ್ತೆ ಬರಬೇಕು. ಸೌಲಭ್ಯದ ಗೆರೆ ದಾಟುವುದು ಖಚಿತವಾದರೆ ಲೆಕ್ಕ ತಲೆಕೆಳಗಾಗುತ್ತದೆ.

ಕೆಲವು ತಿಂಗಳು ಸೊನ್ನೆ, ಕೆಲವು ತಿಂಗಳು ಪೂರ್ತಿ ಬಿಲ್ ಬರುತ್ತಿದೆ. ಏನು ಮಾಡಬೇಕು?

ಗೃಹಜ್ಯೋತಿಯಲ್ಲಿ ಎರಡು ಗೆರೆಗಳಿವೆ. ಒಂದು, 2022-23ರ ನಿಮ್ಮ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚುವರಿ ಸೇರಿಸಿ ಗೊತ್ತುಮಾಡಿದ ಅರ್ಹ ಪ್ರಮಾಣ. ಎರಡು, 200 ಯೂನಿಟ್. ಅರ್ಹ ಪ್ರಮಾಣ ಮೀರಿ 200ರ ಒಳಗಿದ್ದರೆ ಮೀರಿದ ಯೂನಿಟ್‌ಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ನಿಮ್ಮ ತಲೆಗೆ.

ನಿಮ್ಮ ಅರ್ಹ ಪ್ರಮಾಣ 185, ಲೋಡ್ 2 ಕಿಲೋವ್ಯಾಟ್ ಎಂದುಕೊಳ್ಳಿ. 215 ಯೂನಿಟ್ ಉರಿಸಿದ ತಿಂಗಳು ಯೂನಿಟ್ ಬಾಬ್ತು ಸುಮಾರು 1,440, ನಿಗದಿತ ಶುಲ್ಕ 290, ಒಟ್ಟು 1,730 ರೂ. ಹತ್ತಿರ. ಅದೇ 195ಕ್ಕೆ ನಿಂತಿದ್ದರೆ ಹತ್ತು ಯೂನಿಟ್‌ನ 67 ರೂಪಾಯಿಯಷ್ಟೇ. ಇಪ್ಪತ್ತು ಯೂನಿಟ್‌ನ ಅಂತರಕ್ಕೆ 1,600 ರೂಪಾಯಿಗೂ ಮೇಲಿನ ವ್ಯತ್ಯಾಸ. ರಾಜ್ಯದಲ್ಲಿ ಮನೆಯ ವಿದ್ಯುತ್ ಉಳಿತಾಯಕ್ಕೆ ಇದಕ್ಕಿಂತ ದೊಡ್ಡ ಪ್ರೋತ್ಸಾಹಧನ ಇನ್ನೊಂದಿಲ್ಲ. ಯಾರೂ ಅದನ್ನು ಹಾಗೆಂದು ಕರೆಯುವುದಿಲ್ಲ, ಅಷ್ಟೆ.

ಈ ಇಪ್ಪತ್ತು ಯೂನಿಟ್ ಎಲ್ಲಿ ಸಿಗುತ್ತದೆ? ಹೆಚ್ಚಿನ ಮನೆಗಳಲ್ಲಿ ಫ್ಯಾನಿನಲ್ಲಿ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಹೆಚ್ಚು ತಿರುಗುವ ಎರಡನ್ನು ಬದಲಿಸಿದರೆ 32 ಯೂನಿಟ್ ಇಳಿದು 215 ಇದ್ದದ್ದು 183 ಆಗುತ್ತದೆ, ಬಿಲ್ ಸೊನ್ನೆ. ಅತಿಥಿಗಳ ಕೋಣೆಯ ಫ್ಯಾನ್ ಬದಲಿಸಿ ಪ್ರಯೋಜನವಿಲ್ಲ. ಹಾಲ್ ಮತ್ತು ಮಲಗುವ ಕೋಣೆ ಮೊದಲು.

2022-23ರಲ್ಲೇ ಸರಾಸರಿ 200 ದಾಟಿದ್ದ ಮನೆಗೆ ಈ ಸೌಲಭ್ಯ ಇಲ್ಲ. ಹೊಸ ಮನೆ, ಹೊಸ ಬಾಡಿಗೆದಾರರಿಗೆ ಸ್ವಂತ ಸರಾಸರಿ ಇಲ್ಲದ ಕಾರಣ ರಾಜ್ಯದ ಸರಾಸರಿಯಾದ 53 ಯೂನಿಟ್ ಆಧಾರವಾಗುತ್ತದೆ. ಹಾಗಾಗಿ ಅವರು ಬೇಗ ಹಣ ಕಟ್ಟುವ ಸಾಲಿಗೆ ಬರುತ್ತಾರೆ.

ಹಾಗಾದರೆ ಸೋಲಾರ್ ಯಾರಿಗೆ, ಎಷ್ಟು ಕಿಲೋವ್ಯಾಟ್?

ತಿಂಗಳಿಗೆ 200ಕ್ಕಿಂತ ಹೆಚ್ಚು ಯೂನಿಟ್‌ಗೆ ಖಾಯಂ ಆಗಿ ಹಣ ಕಟ್ಟುವ, ಸ್ವಂತ ತಾರಸಿ ಇರುವ ಮನೆಗೆ. ಹನ್ನೆರಡು ತಿಂಗಳ ಬಿಲ್ ಮುಂದಿಟ್ಟುಕೊಂಡು ಸರಾಸರಿ ತೆಗೆಯಿರಿ. ಏಪ್ರಿಲ್‌ನದೊಂದೇ ಬಿಲ್ ನೋಡಿ ನಿರ್ಧರಿಸಿದರೆ ಎಸಿ ಬಳಕೆ ಲೆಕ್ಕ ಕೆಡಿಸುತ್ತದೆ.

ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್, ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ವಿಜಯಪುರ, ಬಳ್ಳಾರಿ ಕಡೆ ಇದಕ್ಕಿಂತ ಹೆಚ್ಚು. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬಹಳ ಕಡಿಮೆ. ಯೋಜನೆಯ ಮಾರ್ಗಸೂಚಿಯಲ್ಲಿ 150 ಯೂನಿಟ್‌ವರೆಗೆ 1ರಿಂದ 2, 150ರಿಂದ 300ಕ್ಕೆ 2ರಿಂದ 3, ಅದರ ಮೇಲಕ್ಕೆ 3 ಕಿಲೋವ್ಯಾಟ್ ಮೀರಿ ಎಂದಿದೆ. ಮೊದಲು ಫ್ಯಾನ್, ಗೀಸರ್, ಹಳೆಯ ಫ್ರಿಜ್ ಸರಿಪಡಿಸಿ, ಆಮೇಲೆ ಈ ಪಟ್ಟಿ ನೋಡಿ. 340 ಯೂನಿಟ್‌ನ ಮನೆ 260ಕ್ಕೆ ಇಳಿದರೆ ಸಬ್ಸಿಡಿ ಇಲ್ಲದ ನಾಲ್ಕನೇ ಕಿಲೋವ್ಯಾಟ್ ಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಜಾಗ ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಬೇಕು, ಅದೂ ನೆರಳಿಲ್ಲದ್ದು. ಬೆಳಗ್ಗೆ 9ರಿಂದ ಸಂಜೆ 4ರವರೆಗೆ ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ, ಪಕ್ಕದ ತೆಂಗಿನ ಮರ ಎಲ್ಲಿ ನೆರಳು ಚೆಲ್ಲುತ್ತವೆ ಎಂದು ನೀವೇ ನೋಡಿ. ಒಂದೇ ಸಾಲಿನಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದಕ್ಕೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನೆರಳು ಉದ್ದವಾಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಾಕಿದ ಹಣ ಎಷ್ಟು ವರ್ಷಕ್ಕೆ ವಾಪಸ್?

3 ಕಿಲೋವ್ಯಾಟ್‌ಗೆ 1.90 ಲಕ್ಷ ರೂ. ಕೊಟೇಶನ್ ಬಂದಿದೆ ಎಂದು ಹಿಡಿಯಿರಿ. ಸಬ್ಸಿಡಿ ಕಳೆದರೆ 1.12 ಲಕ್ಷ. ವರ್ಷಕ್ಕೆ 4,200 ಯೂನಿಟ್, ಎಲ್ಲವೂ ನಿಮ್ಮ ಬಳಕೆಯಲ್ಲೇ ಹೊಂದಿಕೆಯಾದರೆ 6.70ರಂತೆ 28,000 ರೂ. ಉಳಿತಾಯ. ನಾಲ್ಕು ವರ್ಷ.

ಅದೇ 3 ಕಿಲೋವ್ಯಾಟ್ ಅನ್ನು 180 ಯೂನಿಟ್ ಬಳಸುವ ಮನೆಗೆ ಹಾಕಿದರೆ ವರ್ಷಕ್ಕೆ 2,160 ಯೂನಿಟ್ ಮಾತ್ರ ಪೂರ್ಣ ದರದಲ್ಲಿ ಉಳಿಯುತ್ತದೆ, ಅಂದರೆ ಸುಮಾರು 14,500 ರೂ. ಉಳಿದ ಯೂನಿಟ್ ಕಡಿಮೆ ದರಕ್ಕೆ ಹೋಗುತ್ತದೆ. ಆ ಮನೆಗೆ 2 ಕಿಲೋವ್ಯಾಟ್ ಸಾಕಿತ್ತು.

ಹೆಚ್ಚುವರಿ ಕರೆಂಟ್ ಮಾರಿ ಸಂಪಾದಿಸಬಹುದೇ?

ಸಂಪಾದನೆ ಎನ್ನುವಷ್ಟು ದೊಡ್ಡ ಮೊತ್ತ ಅಲ್ಲ. ನೆಟ್ ಮೀಟರಿಂಗ್‌ನಲ್ಲಿ ನೀವು ಲೈನಿಗೆ ಕಳಿಸಿದ ಯೂನಿಟ್ ಅನ್ನು ಲೈನಿನಿಂದ ಪಡೆದದ್ದರಲ್ಲಿ ಕಳೆಯುತ್ತಾರೆ. ಅಲ್ಲಿಯವರೆಗೆ ನಿಮ್ಮ ಯೂನಿಟ್‌ಗೂ ಎಸ್ಕಾಂ (ಬೆಸ್ಕಾಂ, ಮೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿ) ಯೂನಿಟ್‌ಗೂ ಒಂದೇ ಬೆಲೆ. ಕಳೆದ ಮೇಲೂ ಮಿಕ್ಕಿದ್ದಕ್ಕೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಮಾಡಿದ ದರ. ಅದು ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ, ಸಬ್ಸಿಡಿ ಪಡೆದವರಿಗೆ ಇನ್ನೂ ಕಡಿಮೆ. ‘ತಾರಸಿಯಿಂದ ತಿಂಗಳ ಆದಾಯ’ ಎಂಬ ಜಾಹೀರಾತು ಈ ವ್ಯತ್ಯಾಸವನ್ನು ನುಂಗಿರುತ್ತದೆ.

ಅರ್ಜಿ ಹಾಕಲು ಏನೇನು ಇರಬೇಕು?

ಭಾರತೀಯ ನಾಗರಿಕರಾಗಿರಬೇಕು, ಪ್ಯಾನೆಲ್ ಕೂರಿಸಬಹುದಾದ ಮನೆ ಇರಬೇಕು, ಚಾಲ್ತಿಯಲ್ಲಿರುವ ಗೃಹಬಳಕೆ ಸಂಪರ್ಕ ಇರಬೇಕು, ಹಿಂದೆ ಸೋಲಾರ್ ಪ್ಯಾನೆಲ್‌ಗೆ ಬೇರೆ ಸಬ್ಸಿಡಿ ಪಡೆದಿರಬಾರದು. ಆರ್‌ಸಿಸಿ ತಾರಸಿಯೇ ಆಗಬೇಕೆಂದಿಲ್ಲ. ಹೆಂಚು, ಶೀಟು ಛಾವಣಿಯಾದರೂ ಗಟ್ಟಿ ಆಧಾರವಿದ್ದರೆ ಆಗುತ್ತದೆ. ಆದರೆ ಒಂದೊಂದು ಪ್ಯಾನೆಲ್ ಸುಮಾರು 28 ಕಿಲೋ ತೂಗುತ್ತದೆ, ಮೇಲಿಂದ ಗಾಳಿಯ ಎಳೆತ ಬೇರೆ. ಹಳೆಯ ಮರದ ತೊಲೆಯ ಮೇಲೆ ಭಾರ ಹೊರಿಸುವ ಮೊದಲು ಬಡಗಿಗೋ ಎಂಜಿನಿಯರಿಗೋ ತೋರಿಸಿ.

ಮೀಟರ್ ತೀರಿಕೊಂಡ ಅಪ್ಪನ ಹೆಸರಿನಲ್ಲಿದೆ. ನಡೆಯುತ್ತದೆಯೇ?

ನಡೆಯುವುದಿಲ್ಲ, ಮತ್ತು ಹೆಚ್ಚು ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಕರೆಂಟ್ ಬಿಲ್‌ನಲ್ಲಿರುವ ಹೆಸರು, ಅರ್ಜಿದಾರರ ಹೆಸರು, ಸಬ್ಸಿಡಿ ಬರುವ ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಇರಬೇಕು. ಮೊದಲು ಉಪವಿಭಾಗ ಕಚೇರಿಯಲ್ಲಿ ಹೆಸರು ಬದಲಾವಣೆ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ನಿಮ್ಮ ಹೆಸರಿಗೆ ಬಂದ ಖಾತಾ ಅಥವಾ ತೆರಿಗೆ ರಸೀದಿ, ಇತರ ವಾರಸುದಾರರ ಒಪ್ಪಿಗೆ ಪತ್ರ ಇಟ್ಟುಕೊಂಡು ಹೋಗಿ. ಬಿಲ್ ಬಾಕಿ ಇದ್ದರೆ ಕಟ್ಟಿಬಿಡಿ.

ಹೆಸರಿನ ಅಕ್ಷರ ವ್ಯತ್ಯಾಸವೂ ತೊಡಕು ತರುತ್ತದೆ. ಬಿಲ್‌ನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಪೂರ್ತಿ ಹೆಸರು, ಪಾಸ್‌ಬುಕ್‌ನಲ್ಲಿ ಊರಿನ ಹೆಸರೂ ಸೇರಿ ಮೂರು ಮನುಷ್ಯರಾಗಿಬಿಡುತ್ತಾರೆ. ಅರ್ಜಿ ಹಾಕುವ ಮೊದಲೇ ಸರಿಪಡಿಸಿದರೆ ಒಂದು ಅಲೆದಾಟ, ಆಮೇಲೆ ಆದರೆ ಹತ್ತು.

ಅರ್ಜಿಯ ಹಂತಗಳು ಯಾವುವು?

1. ಪಿಎಂ ಸೂರ್ಯ ಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ರಾಜ್ಯ, ಎಸ್ಕಾಂ, ಬಿಲ್‌ನಲ್ಲಿರುವ ಗ್ರಾಹಕ ಸಂಖ್ಯೆ, ಮೊಬೈಲ್ ಕೊಟ್ಟು ನೋಂದಣಿ ಮಾಡಿ. ಮೊಬೈಲ್ ನಿಮ್ಮದೇ ಇರಲಿ, ಸೋಲಾರ್ ಕೂರಿಸುವ ವೆಂಡರ್‌ನದಲ್ಲ. ಒಟಿಪಿ ಎಲ್ಲವೂ ಅದಕ್ಕೇ ಬರುವುದು.
2. ತಾರಸಿ ಸೋಲಾರ್‌ಗೆ ಅರ್ಜಿ ಹಾಕಿ. 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಒಪ್ಪಿಗೆ ಎಂದು ಪರಿಗಣಿಸಬೇಕೆಂದು 2024ರ ಗ್ರಾಹಕರ ಹಕ್ಕುಗಳ ನಿಯಮ ತಿದ್ದುಪಡಿ ಹೇಳುತ್ತದೆ.
3. ಪೋರ್ಟಲ್‌ನ ಪಟ್ಟಿಯಲ್ಲಿರುವ ವೆಂಡರ್‌ನನ್ನೇ ಆರಿಸಿ ಕರಾರು ಮಾಡಿಕೊಳ್ಳಿ. ಪಟ್ಟಿಯಲ್ಲಿಲ್ಲದವರಿಂದ ಮಾಡಿಸಿದರೆ ಸಬ್ಸಿಡಿ ಇಲ್ಲ.
4. ಅಳವಡಿಕೆಯಾದ ಮೇಲೆ ಫೋಟೊ, ಪ್ಯಾನೆಲ್ ಮತ್ತು ಇನ್ವರ್ಟರ್ ವಿವರ ಹಾಕಿ ನೆಟ್ ಮೀಟರ್‌ಗೆ ಅರ್ಜಿ ಕೊಡಿ.
5. ಎಸ್ಕಾಂ ಪರಿಶೀಲಿಸಿ ಎರಡೂ ಕಡೆ ಓಡುವ ಮೀಟರ್ ಕೂರಿಸಿದ ಬಳಿಕ ಪೋರ್ಟಲ್‌ನಲ್ಲಿ ಕಮಿಷನಿಂಗ್ ವರದಿ (ಸೋಲಾರ್ ಚಾಲೂ ಆಗಿದೆ ಎಂಬ ವರದಿ) ಬರುತ್ತದೆ.
6. ಬ್ಯಾಂಕ್ ವಿವರ, ರದ್ದು ಮಾಡಿದ ಚೆಕ್ ಹಾಕಿ ಸಬ್ಸಿಡಿ ಕೋರಿ. ಹಣ 30 ದಿನದೊಳಗೆ ಖಾತೆಗೆ ಎಂಬುದು ಯೋಜನೆಯ ಮಾತು.

ಐದನೇ ಹಂತಕ್ಕೆ ಮೊದಲು ಸೋಲಾರ್ ಸ್ವಿಚ್ ಹಾಕಬೇಡಿ. ಹಳೆಯ ಮೀಟರುಗಳಲ್ಲಿ ಕೆಲವು ಹೊರಹೋಗುವ ಯೂನಿಟ್ ಅನ್ನೂ ಬಳಕೆ ಎಂದೇ ಎಣಿಸುತ್ತವೆ. ನೀವು ಉತ್ಪಾದಿಸಿದ್ದಕ್ಕೆ ನೀವೇ ಬಿಲ್ ಕಟ್ಟುವಂತಾಗುತ್ತದೆ.

ಕೊಟೇಶನ್‌ನಲ್ಲಿ ಏನೇನು ನೋಡಬೇಕು?

ಮೊದಲು ‘ಡಿಸಿಆರ್’ ಎಂಬ ಪದ. ಪ್ಯಾನೆಲ್ ಮಾತ್ರವಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲಿ ತಯಾರಾದದ್ದಾಗಿದ್ದರೆ ಮಾತ್ರ ಸಬ್ಸಿಡಿ. ಡಿಸಿಆರ್ ಅಲ್ಲದ ಪ್ಯಾನೆಲ್ ಅಗ್ಗ, ಆದ್ದರಿಂದಲೇ ಒಂದು ಕೊಟೇಶನ್ ಉಳಿದವಕ್ಕಿಂತ ತೀರಾ ಕಡಿಮೆ ಇದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ತಯಾರಕರ ಡಿಸಿಆರ್ ಪ್ರಮಾಣಪತ್ರದಲ್ಲಿರುವ ಕ್ರಮಸಂಖ್ಯೆಗಳೂ ಪ್ಯಾನೆಲ್ ಹಿಂಬದಿಯ ಸಂಖ್ಯೆಗಳೂ ಹೊಂದುತ್ತವೆಯೇ ಎಂದು ಮೇಲಕ್ಕೆ ಏರಿಸುವ ಮೊದಲು ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಕಟ್ಟಿದ ಮೇಲೆ ಹಿಂಬದಿ ಕಾಣುವುದಿಲ್ಲ.

ಆಮೇಲೆ ಬೆಲೆ ಹೇಗೆ ಬರೆದಿದ್ದಾರೆ ಎಂಬುದು. ಸಬ್ಸಿಡಿ ಹಣ ಬರುವುದು ನಿಮ್ಮ ಖಾತೆಗೆ, ವೆಂಡರ್‌ಗಲ್ಲ, ಅದೂ ಕೆಲಸ ಮುಗಿದ ಮೇಲೆ. ‘78,000 ಕಳೆದು ಇಷ್ಟು’ ಎಂದು ದೊಡ್ಡದಾಗಿ ಬರೆದು ಪೂರ್ತಿ ಬೆಲೆಯನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ನೀವು ಮೊದಲು ಹೊಂದಿಸಬೇಕಾದದ್ದು ಪೂರ್ತಿ ಬೆಲೆ.

ಕಬ್ಬಿಣದ ಚೌಕಟ್ಟು ಹಾಟ್ ಡಿಪ್ ಗ್ಯಾಲ್ವನೈಸ್ ಆಗಿರಲಿ. ಬಣ್ಣ ಬಳಿದ ಕಬ್ಬಿಣ ಕರಾವಳಿಯ ಉಪ್ಪುಗಾಳಿಗೆ ನಾಲ್ಕು ಮಳೆಗಾಲ ತಡೆಯುವುದಿಲ್ಲ. ಅಲ್ಲಿ ನಟ್ಟು ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು. ಅರ್ಥಿಂಗ್ ಗುಂಡಿ ಮೂರು: ಡಿಸಿ ಬದಿಗೆ, ಎಸಿ ಬದಿಗೆ, ಸಿಡಿಲು ತಡೆಗೆ ಬೇರೆ ಬೇರೆ. ಹಣ ಉಳಿಸಲು ಮೂರನ್ನೂ ಒಂದಕ್ಕೇ ಜೋಡಿಸಿದರೆ ಸಿಡಿಲು ಬಡಿದ ದಿನ ಇನ್ವರ್ಟರ್ ಹೋಗುತ್ತದೆ. ಪ್ಯಾನೆಲ್‌ನಿಂದ ಬರುವ ತಂತಿ 4 ಚದರ ಮಿಲಿಮೀಟರಿನ ತಾಮ್ರದ ಸೋಲಾರ್ ಕೇಬಲ್ ಆಗಿರಬೇಕು. ಮನೆಯ ವೈರಿಂಗ್ ತಂತಿ ಬಿಸಿಲಿಗೆ ಸೀಳುತ್ತದೆ. ಎಸಿ, ಡಿಸಿ ಎರಡೂ ಡಬ್ಬಿಗಳಲ್ಲಿ ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ತಡೆಯುವ ಸಾಧನ ಇರಲಿ.

ಪ್ಯಾನೆಲ್ ದಕ್ಷಿಣಕ್ಕೆ ಮುಖ, 12ರಿಂದ 15 ಡಿಗ್ರಿ ಓರೆ ನಮ್ಮ ಅಕ್ಷಾಂಶಕ್ಕೆ ಹೊಂದುತ್ತದೆ. ತೀರಾ ಚಪ್ಪಟೆ ಹಾಕಿದರೆ ಕೆಳಗಿನ ಅಂಚಿನಲ್ಲಿ ದೂಳಿನ ಪಟ್ಟಿ ಕಟ್ಟುತ್ತದೆ. ಐದು ವರ್ಷದ ನಿರ್ವಹಣೆ ವೆಂಡರ್‌ನ ಹೊಣೆ ಎಂಬುದು ಯೋಜನೆಯ ಷರತ್ತು, ಕರಾರಿನಲ್ಲಿ ಬರೆಸಿಕೊಳ್ಳಿ.

ಸಾಲ ಎಷ್ಟು, ಬಡ್ಡಿ ಎಷ್ಟು?

3 ಕಿಲೋವ್ಯಾಟ್‌ವರೆಗೆ ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ 2 ಲಕ್ಷ ರೂ.ವರೆಗೆ ಅಡಮಾನವಿಲ್ಲದ ಸಾಲವಿದೆ. ಶೇ 10ರಷ್ಟು ನೀವು ಹಾಕಬೇಕು. ಬಡ್ಡಿ ರೆಪೊ ದರಕ್ಕೆ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಅರ್ಧ ಶೇಕಡಾ ಸೇರಿಸಿದ್ದು, ಯೋಜನೆ ಶುರುವಾದಾಗ ಅದು ಶೇ 7ರ ಆಸುಪಾಸು. ಅರ್ಜಿ ಜನಸಮರ್ಥ ಪೋರ್ಟಲ್ ಮೂಲಕ. ಹಳೆಯ ಸಾಲದ ಕಂತು ತಪ್ಪಿದ್ದರೆ ಇಲ್ಲಿಯೂ ಅದು ಅಡ್ಡ ಬರುತ್ತದೆ.

ಮೇಲಿನ 1.90 ಲಕ್ಷದ ಉದಾಹರಣೆಯಲ್ಲಿ ಸಾಲ 1.71 ಲಕ್ಷ. ಸಬ್ಸಿಡಿ ಬಂದ ಕೂಡಲೇ ಸಾಲಕ್ಕೆ ಜಮಾ ಮಾಡಿದರೆ ಉಳಿಯುವುದು 93,000. ಶೇ 7ರಂತೆ ಐದು ವರ್ಷಕ್ಕೆ ಕಂತು ಸುಮಾರು 1,840 ರೂ., ಬಿಲ್‌ನಲ್ಲಿ ಆಗುವ ಉಳಿತಾಯ ತಿಂಗಳಿಗೆ ಸರಾಸರಿ 2,300. ಸಬ್ಸಿಡಿಯನ್ನು ಬೇರೆ ಖರ್ಚಿಗೆ ಬಳಸಿಕೊಂಡರೆ ಅದೇ ಐದು ವರ್ಷದ ಕಂತು 3,390 ಆಗುತ್ತದೆ. ಆಗ ಸೋಲಾರ್ ಹಾಕಿಸಿದ ಮೇಲೆ ಖರ್ಚು ಹೆಚ್ಚಿತು ಎನ್ನಿಸುವುದು ಸಹಜ.

ಸೋಲಾರ್ ಬಂದರೂ ಬಿಲ್ ಸೊನ್ನೆ ಆಗಲಿಲ್ಲವಲ್ಲ?

ನಿಗದಿತ ಶುಲ್ಕ ಸೋಲಾರ್‌ನಿಂದ ಹೋಗುವುದಿಲ್ಲ. ಸೋಲಾರ್ ಸಾಮರ್ಥ್ಯಕ್ಕೆ ತಕ್ಕಂತೆ ಎಸ್ಕಾಂ ಮಂಜೂರಾದ ಲೋಡನ್ನು ಏರಿಸಿದರೆ ಶುಲ್ಕವೂ ಏರುತ್ತದೆ. 1 ಕಿಲೋವ್ಯಾಟ್ ಇದ್ದ ಮನೆ 3ಕ್ಕೆ ಹೋದರೆ 145 ಇದ್ದದ್ದು 435 ರೂ. ಲಾಭದ ಲೆಕ್ಕದಿಂದ ವರ್ಷಕ್ಕೆ 3,480 ಕಳೆಯಿರಿ.

ಕರೆಂಟ್ ಹೋದಾಗ ಸೋಲಾರ್ ಇದ್ದರೂ ಮನೆ ಕತ್ತಲೆ ಏಕೆ?

ಲೈನ್‌ಮನ್ ಜೀವಕ್ಕಾಗಿ. ಲೈನ್ ಆಫ್ ಮಾಡಿ ಕಂಬ ಹತ್ತಿದವರಿಗೆ ನಿಮ್ಮ ತಾರಸಿಯ ಕರೆಂಟ್ ಹೊಡೆಯಬಾರದೆಂದು ಗ್ರಿಡ್ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ. ಬ್ಯಾಟರಿ ಬೇಕಿದ್ದರೆ ಹೈಬ್ರಿಡ್ ಇನ್ವರ್ಟರ್ ಹಾಕಿಸಬಹುದು, ಆದರೆ ಬ್ಯಾಟರಿಯ ಖರ್ಚು ಪೂರ್ತಿ ನಿಮ್ಮದೇ. ಗ್ರಿಡ್‌ಗೆ ಜೋಡಿಸದ ಬ್ಯಾಟರಿ ಸೋಲಾರ್‌ಗೆ ಸಬ್ಸಿಡಿಯೇ ಇಲ್ಲ. ದಿನಕ್ಕೆ ಅರ್ಧ ಗಂಟೆ ಕರೆಂಟ್ ಹೋಗುವ ಊರಿನಲ್ಲಿ ಈಗಿರುವ ಯುಪಿಎಸ್ ಸಾಕು.

ಮಧ್ಯಾಹ್ನ ಒಳ್ಳೆ ಬಿಸಿಲಿನಲ್ಲೇ ಇನ್ವರ್ಟರ್ ನಿಲ್ಲುತ್ತದೆ. ಪ್ಯಾನೆಲ್ ಕೆಟ್ಟಿದೆಯೇ?

ಬಹುತೇಕ ಇಲ್ಲ, ಲೈನ್ ವೋಲ್ಟೇಜ್ ಏರಿದೆ. ಉದ್ದ ಲೈನಿನ ಕೊನೆಯ ಮನೆಗಳಲ್ಲಿ ಮಧ್ಯಾಹ್ನ ಸೋಲಾರ್ ತಳ್ಳಿದಾಗ ವೋಲ್ಟೇಜ್ 250 ದಾಟುತ್ತದೆ, ಇನ್ವರ್ಟರ್ ತನ್ನ ಮಿತಿ ಮುಟ್ಟಿದ ಕೂಡಲೇ ಕಳಚಿಕೊಳ್ಳುತ್ತದೆ. ಇನ್ವರ್ಟರ್ ಆ್ಯಪ್‌ನಲ್ಲಿ ಆ ಹೊತ್ತಿನ ವೋಲ್ಟೇಜ್ ದಾಖಲೆ ಇರುತ್ತದೆ. ಅದರ ಸ್ಕ್ರೀನ್‌ಶಾಟ್ ಇಟ್ಟು ಸೆಕ್ಷನ್ ಆಫೀಸಿಗೆ ದೂರು ಕೊಡಿ, ಟ್ರಾನ್ಸ್‌ಫಾರ್ಮರ್ ಟ್ಯಾಪ್ ಇಳಿಸಿದರೆ ಸರಿಹೋಗುತ್ತದೆ. ಇನ್ವರ್ಟರ್‌ನಿಂದ ಮೀಟರ್‌ವರೆಗಿನ ತಂತಿ ಸಣ್ಣದಿದ್ದರೂ ಇದೇ ತೊಂದರೆ, ಅದು ವೆಂಡರ್ ಸರಿಪಡಿಸಬೇಕಾದದ್ದು.

ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ. ನಮಗೇನಿದೆ?

ನಿವಾಸಿಗಳ ಸಂಘಕ್ಕೆ ಲಿಫ್ಟ್, ಪಂಪು, ಸಾಮಾನ್ಯ ದೀಪ, ವಾಹನ ಚಾರ್ಜಿಂಗ್‌ನಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂ. ಇದೆ. ಮಿತಿ ಒಟ್ಟು 500 ಕಿಲೋವ್ಯಾಟ್, ಮನೆಗೆ 3 ಕಿಲೋವ್ಯಾಟ್ ಲೆಕ್ಕದಲ್ಲಿ. ಇಲ್ಲಿ ತಾಂತ್ರಿಕ ತೊಡಕಿಗಿಂತ ತಾರಸಿ ಯಾರದು ಎಂಬ ಜಗಳವೇ ದೊಡ್ಡದು. ಸಾಮಾನ್ಯ ಸಭೆಯ ಠರಾವು ಕೈಯಲ್ಲಿಟ್ಟುಕೊಂಡೇ ಕೊಟೇಶನ್ ಕರೆಯಿರಿ.

ಸೋಲಾರ್ ವಾಟರ್ ಹೀಟರ್‌ಗೆ ತಿಂಗಳಿಗೆ 50 ರೂಪಾಯಿ ರಿಯಾಯಿತಿ. ಅಷ್ಟಕ್ಕೆ ಹಾಕಿಸಬೇಕೇ?

ರಿಯಾಯಿತಿಗಾಗಿ ಅಲ್ಲ, ಗೀಸರ್ ನಿಲ್ಲುವುದಕ್ಕಾಗಿ. 100 ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಲು ಮೂರೂವರೆ ಯೂನಿಟ್ ಬೇಕು. ದಿನಾ ಅಷ್ಟು ಬಳಸುವ ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 100 ಯೂನಿಟ್ ಗೀಸರಿಗೇ ಹೋಗುತ್ತಿರುತ್ತದೆ.

ಎರಡು ಕಡೆ ಇದು ಕೆಡುತ್ತದೆ. ಬೋರ್‌ವೆಲ್‌ನ ಗಡಸು ನೀರಿದ್ದರೆ ತಾಮ್ರದ ಚಪ್ಪಟೆ ಕಲೆಕ್ಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಅಂಥ ಕಡೆ ಗಾಜಿನ ಟ್ಯೂಬಿನದು ಮೇಲು. ಇನ್ನೊಂದು, ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಹೀಟರನ್ನು ಮಳೆಗಾಲಕ್ಕೆಂದು ಹಾಕಿ ವರ್ಷವಿಡೀ ಆಫ್ ಮಾಡದಿರುವುದು. ಬೆಳಗಿನ ಜಾವ ಅದೇ ನೀರು ಕಾಯಿಸಿಬಿಟ್ಟರೆ ಬಿಸಿಲಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಐದು ಸ್ಟಾರ್ ಎಸಿಗೆ ಹೆಚ್ಚು ಕೊಟ್ಟರೆ ಲಾಭವೇ?

ಸ್ಟಾರ್ ಎಣಿಸಬೇಡಿ, ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದದ್ದನ್ನು ಓದಿ. ಎರಡು ಎಸಿಗಳ ವ್ಯತ್ಯಾಸವನ್ನು 6.70ರಿಂದ ಗುಣಿಸಿ. ಆ ಅಂಕಿ ವರ್ಷಕ್ಕೆ 1,600 ಗಂಟೆ ಓಡಿದರೆ ಎಂಬ ಲೆಕ್ಕದ್ದು. ಬೇಸಿಗೆಯ ಎರಡು ತಿಂಗಳು ರಾತ್ರಿ ಮಾತ್ರ ಹಾಕುವವರ ಬಳಕೆ ಸುಮಾರು 400 ಗಂಟೆ, ಉಳಿತಾಯವೂ ಕಾಲುಭಾಗ. ಅಂಥವರಿಗೆ ಮೂರು ಸ್ಟಾರ್ ಸಾಕು. ಕಲಬುರಗಿ, ರಾಯಚೂರಿನ ಮನೆಗೆ ಐದು ಸ್ಟಾರ್ ಹೊಂದುತ್ತದೆ. ಮಾನದಂಡವನ್ನು ಆಗಾಗ ಬಿಗಿಮಾಡುವುದರಿಂದ ಲೇಬಲ್‌ನ ಅವಧಿಯನ್ನೂ ನೋಡಿ. ಹಳೆಯ ಸ್ಟಾಕಿನ ಐದು ಸ್ಟಾರ್ ಹೊಸ ಪಟ್ಟಿಯಲ್ಲಿ ಕೆಳಗಿರಬಹುದು.

ಸಬ್ಸಿಡಿ ಬರಲೇ ಇಲ್ಲ. ಎಲ್ಲಿ ಹುಡುಕಬೇಕು?

ಪೋರ್ಟಲ್‌ಗೆ ನಿಮ್ಮ ಮೊಬೈಲ್‌ನಿಂದ ಹೋಗಿ ಅರ್ಜಿ ಯಾವ ಹಂತದಲ್ಲಿ ನಿಂತಿದೆ ನೋಡಿ. ಕಮಿಷನಿಂಗ್ ವರದಿ ಕಾಣದಿದ್ದರೆ ಉಪವಿಭಾಗ ಕಚೇರಿಯಲ್ಲಿ ಕೇಳಿ. ವರದಿ ಬಂದು ಸಬ್ಸಿಡಿ ಕೋರಿಕೆಯೇ ಹೋಗಿಲ್ಲದಿದ್ದರೆ ಆರನೇ ಹಂತ ಬಾಕಿ ಇದೆ. ಕೆಲಸದ ಹಣ ಪೂರ್ತಿ ಕೈಗೆ ಬಂದ ವೆಂಡರ್‌ಗೆ ಇದರ ಅವಸರ ಇರುವುದಿಲ್ಲ. ಕೊನೆಯ ಕಂತನ್ನು ಕಮಿಷನಿಂಗ್ ವರದಿ ಬರುವವರೆಗೆ ಉಳಿಸಿಕೊಳ್ಳುವಂತೆ ಮೊದಲೇ ಕರಾರು ಮಾಡುವುದು ಅದಕ್ಕೇ. ಕೋರಿಕೆ ಹೋಗಿ ಹಣ ಹಿಂತಿರುಗಿದ್ದರೆ ಐಎಫ್‌ಎಸ್‌ಸಿ ಸಂಖ್ಯೆ ನೋಡಿ, ವಿಲೀನವಾದ ಬ್ಯಾಂಕುಗಳ ಹಳೆಯ ಪಾಸ್‌ಬುಕ್‌ನಿಂದ ನಕಲು ಮಾಡಿದಾಗ ಹೀಗಾಗುತ್ತದೆ.

‘ಸಬ್ಸಿಡಿ ಮಂಜೂರಾಗಿದೆ, ಶುಲ್ಕ ಕಟ್ಟಿ’ ಎಂದು ಫೋನ್ ಬಂದಿದೆ. ಕಟ್ಟಬೇಕೇ?

ಕಟ್ಟಬೇಡಿ. ಸಬ್ಸಿಡಿ ಬಿಡುಗಡೆಗೆ ಯಾವ ಶುಲ್ಕವೂ ಇಲ್ಲ, ಒಟಿಪಿ ಕೇಳಿ ಯಾರೂ ಫೋನ್ ಮಾಡುವುದಿಲ್ಲ. ಅಸಲಿ ಪೋರ್ಟಲ್‌ನ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ. ಅದೇ ಚಿತ್ರ, ಅದೇ ಬಣ್ಣ ಇಟ್ಟು ‘ಡಾಟ್ ಕಾಮ್’ ಎಂದು ಮುಗಿಯುವುದು ಸರ್ಕಾರದ್ದಲ್ಲ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.